ತರಬೇತಿಯಿಂದ ಏನು ಬದಲಾಯಿತು? ವೃತ್ತಿ ಶಿಕ್ಷಣದ ಫಲ ಅಳೆಯುವ ಸಮಗ್ರ ಮಾರ್ಗದರ್ಶಿ

'ಶೇ 85 ಪ್ಲೇಸ್‌ಮೆಂಟ್' ಎಂದು ದಪ್ಪಕ್ಷರದಲ್ಲಿ ಅಚ್ಚಾದ ಕರಪತ್ರವನ್ನು ನೀವೂ ನೋಡಿರುತ್ತೀರಿ. ಆ ಸಂಖ್ಯೆ ಸುಳ್ಳೇ ಆಗಿರಬೇಕು ಅಂತೇನಿಲ್ಲ. ಆದರೆ ಅದು ಹೇಗೆ ಹುಟ್ಟುತ್ತದೆ ನೋಡಿ. ಲೆಕ್ಕ ಸುಲಭವಾಗಲಿ ಅಂತ ನಾನೇ ಒಂದು ಬ್ಯಾಚ್ ಕಲ್ಪಿಸಿಕೊಳ್ಳುತ್ತೇನೆ.

100 ಜನ ಸೇರಿದರು. 30 ಮಂದಿ ಅರ್ಧಕ್ಕೇ ಬಿಟ್ಟರು. ಉಳಿದ 70ರಲ್ಲಿ 60 ಮಂದಿ ಪರೀಕ್ಷೆ ಪಾಸಾದರು. ಅವರಲ್ಲಿ 51 ಮಂದಿಗೆ ಆಫರ್ ಲೆಟರ್ ಬಂತು. 60ಕ್ಕೆ 51, ಅಂದರೆ ಶೇ 85. ಕರಪತ್ರದ ಕಥೆ ಇಲ್ಲಿಗೆ ಮುಗಿಯುತ್ತದೆ. ನಾವು ಇನ್ನೂ ಎರಡು ಹೆಜ್ಜೆ ಮುಂದೆ ಹೋಗೋಣ. ಲೆಟರ್ ಸಿಕ್ಕ 51ರಲ್ಲಿ ಕೆಲಸಕ್ಕೆ ಹಾಜರಾದವರು 40. ಮೂರು ತಿಂಗಳ ಮೇಲೂ ಅಲ್ಲೇ ಇದ್ದವರು 28. ಸೇರಿದ 100ಕ್ಕೆ 28. ಒಂದೇ ಬ್ಯಾಚು. 85 ಎಂದರೂ ತಪ್ಪಲ್ಲ, 28 ಎಂದರೂ ತಪ್ಪಲ್ಲ.

ಇಷ್ಟಾದ ಮೇಲೂ ಅಸಲು ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಆ 28 ಮಂದಿಯಲ್ಲಿ ಎಷ್ಟು ಜನ ತರಬೇತಿಗೆ ಬಾರದಿದ್ದರೂ ಕೆಲಸ ಹುಡುಕಿಕೊಳ್ಳುತ್ತಿದ್ದರು? ತರಬೇತಿಯ ಫಲ ಅಂದರೆ ಈ ಎರಡರ ನಡುವಿನ ವ್ಯತ್ಯಾಸ. ಅಷ್ಟೇ. ಆ ವ್ಯತ್ಯಾಸದವರೆಗೆ ಹೋಗುವ ದಾರಿಯನ್ನು ಕೆಳಗೆ ಒಂದೊಂದೇ ಹಂತವಾಗಿ ಬರೆದಿದ್ದೇನೆ. ದೊಡ್ಡ ಯೋಜನೆ ನಡೆಸುವವರಿಗೂ, 20 ಜನರ ಬ್ಯಾಚ್ ಇರುವ ಸಣ್ಣ ಕೇಂದ್ರಕ್ಕೂ ಇದು ಉಪಯೋಗವಾಗಬೇಕು ಎಂಬುದು ನನ್ನ ಆಸೆ.

ಹಂತ 1: ಉತ್ತರ ಸಿಕ್ಕರೆ ಏನು ಮಾಡುತ್ತೀರಿ ಎಂದು ಮೊದಲೇ ಬರೆದಿಡಿ

ಬ್ಯಾಚ್ ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆಯಿರಿ: 'ಫಲಿತಾಂಶ ಹೀಗೆ ಬಂದರೆ ಕೋರ್ಸ್ ಮುಂದುವರಿಸುತ್ತೇವೆ, ಹೀಗೆ ಬಂದರೆ ಬದಲಾಯಿಸುತ್ತೇವೆ, ಹೀಗೆ ಬಂದರೆ ನಿಲ್ಲಿಸುತ್ತೇವೆ.' ಬರೆಯಲು ಏನೂ ತೋಚದಿದ್ದರೆ ಅಳೆಯುವ ಶ್ರಮವೇ ಬೇಡ. ಸುಮ್ನೆ ಕಡತ ದಪ್ಪವಾಗುತ್ತದೆ.

ಯಾರಿಗಾಗಿ ಅಳೆಯುತ್ತಿದ್ದೀರಿ ಎಂಬುದೂ ಮುಖ್ಯ. ಹಣ ಕೊಟ್ಟವರಿಗೆ ಬೇಕಾದ್ದು ಒಂದು, ಪಾಠ ಮಾಡುವವರಿಗೆ ಬೇಕಾದ್ದು ಇನ್ನೊಂದು, ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಹುಡುಗಿಗೆ ಬೇಕಾದ್ದು ಮತ್ತೊಂದು. ಮೂವರಿಗೂ ಒಂದೇ ಸಂಖ್ಯೆ ಕೊಡಲು ಹೊರಟರೆ ಯಾರಿಗೂ ಉತ್ತರ ಸಿಗುವುದಿಲ್ಲ.

ಹಂತ 2: ಸರಪಳಿ ಬಿಡಿಸಿ

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕ 1959ರಲ್ಲಿ ತರಬೇತಿ ಅಳೆಯಲು ನಾಲ್ಕು ಮಟ್ಟಗಳನ್ನು ಹೇಳಿದರು. ಕಲಿತವರಿಗೆ ಹೇಗನ್ನಿಸಿತು, ಏನು ಕಲಿತರು, ಕಲಿತದ್ದನ್ನು ಕೆಲಸದ ಜಾಗದಲ್ಲಿ ಬಳಸಿದರೇ, ಕೊನೆಗೆ ಅದರಿಂದ ಏನಾಯಿತು. ಇಂದಿಗೂ ಹೆಚ್ಚಿನವರು ಇದೇ ಚೌಕಟ್ಟು ಬಳಸುತ್ತಾರೆ. ತೊಂದರೆ ಏನೆಂದರೆ, ಮೊದಲ ಮಟ್ಟ ಅಳೆಯುವುದು ಬಹಳ ಸುಲಭ. ಕೊನೆಯ ದಿನ ಒಂದು ಫೀಡ್‌ಬ್ಯಾಕ್ ಫಾರಂ ಹಂಚಿದರೆ ಆಯಿತು. ಮೇಷ್ಟ್ರು ಎದುರಿಗೇ ನಿಂತಿರುತ್ತಾರೆ, ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿರುವುದಿಲ್ಲ. 'ತುಂಬಾ ಚೆನ್ನಾಗಿತ್ತು' ಎಂದಲ್ಲದೆ ಬೇರೇನು ಬರೆದಾರು?

ನಿಮ್ಮ ಕೋರ್ಸಿನ ಸರಪಳಿಯನ್ನು ನೀವೇ ಬಿಡಿಸಿ. ವೆಲ್ಡಿಂಗ್ ಕೋರ್ಸ್ ಆದರೆ ಹೀಗೆ: ಸೇರಿದರು, ದಿನಾ ಬಂದರು, ಯಂತ್ರದ ಮೇಲೆ ಸಾಕಷ್ಟು ಗಂಟೆ ಕೈಯಾಡಿಸಿದರು, ಗಟ್ಟಿ ಜೋಡಣೆ ಹಾಕಲು ಕಲಿತರು, ಅದನ್ನು ಗುರುತಿಸುವ ಮಾಲೀಕರು ಸಿಕ್ಕರು, ಕೆಲಸ ಸಿಕ್ಕಿತು, ಉಳಿಯಿತು, ಸಂಬಳ ಏರಿತು. ಇದರಲ್ಲಿ ಯಾವ ಕೊಂಡಿ ತುಂಡಾದರೂ ಮುಂದಿನದು ನಡೆಯುವುದಿಲ್ಲ. 'ಯಂತ್ರದ ಮೇಲೆ ಎಷ್ಟು ಗಂಟೆ' ಎಂಬ ಕೊಂಡಿಯನ್ನು ಬಹಳ ಕೇಂದ್ರಗಳು ಲೆಕ್ಕವನ್ನೇ ಇಡುವುದಿಲ್ಲ. 25 ಜನರಿಗೆ ಮೂರು ಯಂತ್ರ ಇದ್ದರೆ, ನಾಲ್ಕು ಗಂಟೆಯ ಪ್ರಾಕ್ಟಿಕಲ್‌ನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಅರ್ಧ ಗಂಟೆಗೂ ಕಡಿಮೆ. ಉಳಿದ ಹೊತ್ತು ನಿಂತು ನೋಡುವುದೇ. ಹಾಜರಿ ಪುಸ್ತಕದಲ್ಲಿ ಮಾತ್ರ ನಾಲ್ಕು ಗಂಟೆ.

ಹಂತ 3: 'ಕೆಲಸ' ಅಂದರೆ ಏನು ಎಂದು ನಿರ್ಧರಿಸಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಳತೆಯ ಪ್ರಕಾರ, ಸಮೀಕ್ಷೆಯ ವಾರದಲ್ಲಿ ಸಂಬಳಕ್ಕೋ ಲಾಭಕ್ಕೋ ಒಂದು ಗಂಟೆ ದುಡಿದರೂ ಆ ವ್ಯಕ್ತಿ ಉದ್ಯೋಗಿ. ದೇಶದ ಲೆಕ್ಕಕ್ಕೆ ಅದು ಸರಿ. ಆರು ತಿಂಗಳು ತರಬೇತಿ ಕೊಟ್ಟ ನಿಮಗೆ ಅದು ಸಾಕಾ? ಸಾಲದು, ಅಲ್ವಾ.

ನಾನೊಮ್ಮೆ ಎಲೆಕ್ಟ್ರಿಷಿಯನ್ ಬ್ಯಾಚಿನವರಿಗೆ ಫೋನ್ ಮಾಡುತ್ತಾ ಕೂತಿದ್ದೆ. ಕೇಂದ್ರದವರು ಕೊಟ್ಟ ಫಾರಂನಲ್ಲಿ ಇದ್ದದ್ದು ಒಂದೇ ಪ್ರಶ್ನೆ.

'ಕೆಲಸ ಇದೆಯಾ?'

'ಇದೆ ಸಾರ್.'

ಟಿಕ್ ಹಾಕಿ ಮುಂದಿನ ನಂಬರಿಗೆ ಹೋಗಬಹುದಿತ್ತು. ಯಾಕೋ ಕೇಳಿದೆ.

'ಹೋದ ವಾರ ಎಷ್ಟು ದಿನ ಹೋಗಿದ್ರಿ?'

'ಎರಡು ದಿನ ಸಾರ್.'

'ಏನು ಕೆಲಸ?'

'ಗೋದಾಮಲ್ಲಿ ಲೋಡ್ ಇಳಿಸೋದು.'

ಆ ಟಿಕ್ ಸುಳ್ಳಲ್ಲ. ಆದರೆ ವೈರಿಂಗ್ ಕಲಿಸಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅವತ್ತಿನಿಂದ ನಾನು ಒಂದು ಪ್ರಶ್ನೆಯ ಜಾಗದಲ್ಲಿ ಐದು ಕೇಳುತ್ತೇನೆ. ಕಳೆದ ಏಳು ದಿನಗಳಲ್ಲಿ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ದುಡಿದಿರಿ? ಏನು ಮಾಡಿದಿರಿ? ಇಲ್ಲಿ ಕಲಿತದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು? ಕೈಗೆ ಎಷ್ಟು ಬಂತು? ಈ ಜಾಗಕ್ಕೆ ಸೇರಿ ಎಷ್ಟು ದಿನವಾಯಿತು?

ಸ್ವಂತ ಕೆಲಸ ಮಾಡುವವರ ಆದಾಯ ಕೇಳುವುದು ಇನ್ನೂ ಕಷ್ಟ. 'ತಿಂಗಳಿಗೆ ಎಷ್ಟು ದುಡಿಯುತ್ತೀರಿ?' ಎಂದರೆ ಅವರು ಒಟ್ಟು ವ್ಯಾಪಾರ ಹೇಳುತ್ತಾರೋ, ಖರ್ಚು ಕಳೆದು ಹೇಳುತ್ತಾರೋ ಗೊತ್ತಾಗುವುದಿಲ್ಲ. ಹಾಗಾಗಿ ಬಿಡಿಬಿಡಿಯಾಗಿ ಕೇಳಿ. ಹೋದ ವಾರ ಎಷ್ಟು ಗಿರಾಕಿಗಳು ಬಂದರು, ಒಟ್ಟು ಎಷ್ಟು ಬಂತು, ಸಾಮಾನಿಗೆ ಎಷ್ಟು ಹೋಯಿತು, ಬಾಡಿಗೆಗೆ ಎಷ್ಟು, ಕೊನೆಗೆ ಮನೆ ಖರ್ಚಿಗೆ ಎಷ್ಟು ಉಳಿಯಿತು.

ಭಾಗಾಕಾರದ ಕೆಳಗಿನ ಅಂಕಿಯನ್ನು ಈಗಲೇ ಗಟ್ಟಿ ಮಾಡಿ. ನನ್ನ ಸಲಹೆ ಒಂದೇ: ಸೇರಿದವರ ಸಂಖ್ಯೆಯಿಂದಲೇ ಭಾಗಿಸಿ. ಪಾಸಾದವರಿಂದ ಬೇಡ, ಮುಗಿಸಿದವರಿಂದಲೂ ಬೇಡ. ಎಷ್ಟನೇ ದಿನಕ್ಕೆ ಸೇರಿದವರೆಂದು ಗಣಿಸುತ್ತೀರಿ (ಮೊದಲ ದಿನವೋ, ಒಂದು ವಾರ ಬಂದ ಮೇಲೋ) ಎಂಬುದನ್ನೂ ಬರೆದಿಟ್ಟು, ಆಮೇಲೆ ಮುಟ್ಟಬೇಡಿ.

ಹಂತ 4: ಮೊದಲ ದಿನದ ಮಾಹಿತಿ

ಮೊದಲ ದಿನ ಕೇಳದೇ ಬಿಟ್ಟದ್ದನ್ನು ಆಮೇಲೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಓದು, ವಯಸ್ಸು, ಈಗಿನ ಕೆಲಸ, ಈಗಿನ ಆದಾಯ ಇವಿಷ್ಟು ಎಲ್ಲರೂ ಕೇಳುತ್ತಾರೆ. ಕಳೆದ ಒಂದು ವರ್ಷದಲ್ಲಿ ಯಾವ ಯಾವ ತಿಂಗಳು ದುಡಿದಿದ್ದರು ಎಂಬುದನ್ನೂ ಕೇಳಿ. ಯಾಕೆ ಅಂತ ಹೇಳುತ್ತೇನೆ.

ಅರ್ಥಶಾಸ್ತ್ರಜ್ಞ ಓರ್ಲಿ ಆಶೆನ್‌ಫೆಲ್ಟರ್ 1978ರಲ್ಲಿ ಒಂದು ವಿಷಯ ತೋರಿಸಿದರು. ತರಬೇತಿಗೆ ಬರುವವರ ಆದಾಯ, ಬರುವುದಕ್ಕೆ ಸ್ವಲ್ಪ ಮುಂಚೆ ಕುಸಿದಿರುತ್ತದೆ. ಇದು ಸಹಜವೇ. ಕೆಲಸ ಹೋದಾಗಲೇ ತಾನೇ ಜನ ತರಬೇತಿ ಹುಡುಕುವುದು. ಅಂಥವರಲ್ಲಿ ಹಲವರ ಆದಾಯ ತರಬೇತಿ ಇಲ್ಲದೆಯೂ ಒಂದಷ್ಟು ಚೇತರಿಸಿಕೊಳ್ಳುತ್ತಿತ್ತು. ಆ ಕುಸಿದ ತಿಂಗಳನ್ನು 'ಮೊದಲು' ಎಂದೂ, ಚೇತರಿಸಿಕೊಂಡ ತಿಂಗಳನ್ನು 'ನಂತರ' ಎಂದೂ ಹೋಲಿಸಿದರೆ ಕೋರ್ಸು ಪವಾಡ ಮಾಡಿದಂತೆ ಕಾಣುತ್ತದೆ. 'ಆದಾಯ ಎರಡು ಪಟ್ಟಾಯಿತು' ಎಂಬ ವರದಿ ಕೈಗೆ ಬಂದರೆ, ಎರಡು ಪಟ್ಟು ಯಾವ ತಿಂಗಳಿಗೆ ಹೋಲಿಸಿದರೆ ಎಂದು ಕೇಳಿ.

ಇನ್ನೊಂದು ಸಣ್ಣ ವಿಷಯ, ಆದರೆ ಮುಂದೆ ಎಲ್ಲವೂ ಇದರ ಮೇಲೇ ನಿಂತಿರುತ್ತದೆ: ಫೋನ್ ನಂಬರ್. ಒಬ್ಬರಿಂದ ಮೂರು ನಂಬರ್ ತೆಗೆದುಕೊಳ್ಳಿ. ಅವರದು, ಮನೆಯವರದು, ಊರು ಬಿಟ್ಟರೂ ಸಂಪರ್ಕದಲ್ಲಿರುವ ಒಬ್ಬ ಸ್ನೇಹಿತರದು. ಮುಂದೆ ಫೋನ್ ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎಂದು ತಿಳಿಸಿ ಒಪ್ಪಿಗೆ ಪಡೆಯಿರಿ. ಬರೆದುಕೊಂಡ ತಕ್ಷಣ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡಿ. ಒಂದು ಅಂಕಿ ತಪ್ಪಿದ ನಂಬರುಗಳು ಎಷ್ಟು ಸಿಗುತ್ತವೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ.

ಹಂತ 5: ಕೈಕೆಲಸದ ಪರೀಕ್ಷೆ

ಬರವಣಿಗೆಯ ಪರೀಕ್ಷೆಯಲ್ಲಿ ವೈರಿಂಗಿನ ಚಿತ್ರ ಬಿಡಿಸಿದವರಿಗೆ ವೈರಿಂಗ್ ಬರುತ್ತದೆ ಎಂದು ನಂಬಲು ಆಗುವುದಿಲ್ಲ. ಕೆಲಸ ಕೊಟ್ಟು ನೋಡಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹಲಗೆಗೆ ಒಂದು ಹೋಲ್ಡರ್, ಒಂದು ಸ್ವಿಚ್ ಕೂರಿಸಿ ದೀಪ ಹತ್ತಿಸಬೇಕು. ಅಭ್ಯರ್ಥಿ ವೈರ್ ಎಳೆದ, ಸ್ಕ್ರೂ ಬಿಗಿ ಮಾಡಿದ, ಸ್ವಿಚ್ ಒತ್ತಿದ. ದೀಪ ಹತ್ತಿತು. ಇನ್ನೊಮ್ಮೆ ಒತ್ತಿದ, ಆರಿತು. ಪರೀಕ್ಷಕರು ಪೂರ್ತಿ ಅಂಕ ಕೊಟ್ಟರು. ಆದರೆ ಸ್ವಿಚ್ಚು ಬಂದಿದ್ದದ್ದು ಫೇಸ್ ವೈರಿನಲ್ಲಲ್ಲ (ಕರೆಂಟ್ ಬರುವ ವೈರ್), ನ್ಯೂಟ್ರಲ್ ವೈರಿನಲ್ಲಿ (ಕರೆಂಟ್ ವಾಪಸ್ ಹೋಗುವ ವೈರ್). ನೋಡುವವರಿಗೆ ಎರಡೂ ಒಂದೇ. ದೀಪ ಹತ್ತುತ್ತದೆ, ಆರುತ್ತದೆ. ವ್ಯತ್ಯಾಸ ಗೊತ್ತಾಗುವುದು ಸ್ವಿಚ್ ಆಫ್ ಮಾಡಿ ಬಲ್ಬ್ ಬದಲಿಸಲು ಕೈ ಹಾಕಿದಾಗ. ಹೋಲ್ಡರಿನಲ್ಲಿ ಕರೆಂಟ್ ಇನ್ನೂ ಇರುತ್ತದೆ.

ಅಂದರೆ 'ದೀಪ ಹತ್ತಿತೇ' ಎಂಬುದೊಂದನ್ನೇ ನೋಡುವ ಪರೀಕ್ಷೆ ಅಪಾಯಕಾರಿ ಎಲೆಕ್ಟ್ರಿಷಿಯನ್‌ಗೂ ಸರ್ಟಿಫಿಕೇಟ್ ಕೊಡುತ್ತದೆ. ಹಾಗಾಗಿ ಚೆಕ್‌ಲಿಸ್ಟ್ ಬೇಕು. ಕೆಲಸ ಶುರು ಮಾಡುವ ಮುಂಚೆ ಸಪ್ಲೈ ಆಫ್ ಮಾಡಿದರೇ? ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಂಡರೇ? ಸ್ವಿಚ್ ಫೇಸಿನಲ್ಲಿದೆಯೇ? ಅರ್ಥಿಂಗ್ ಸೇರಿದೆಯೇ? ತಾಮ್ರದ ಎಳೆ ಸ್ಕ್ರೂವಿನ ಹೊರಗೆ ಕಾಣುತ್ತಿದೆಯೇ? ಇವುಗಳಲ್ಲಿ ಕೆಲವನ್ನು 'ತಪ್ಪಿದರೆ ಫೇಲ್' ಎಂದು ಗುರುತಿಸಿ. ಸುರಕ್ಷತೆಯ ಅಂಕವನ್ನು ಅಂದಚೆಂದದ ಅಂಕದ ಜತೆ ಕೂಡಿಸಿ ಸರಾಸರಿ ತೆಗೆಯುವುದು ಮೂರ್ಖತನ.

ಪರೀಕ್ಷೆಗೂ ಒಂದು ಪರೀಕ್ಷೆ ಇದೆ. ಒಂದೇ ಹಲಗೆಯನ್ನು ಇಬ್ಬರು ಪರೀಕ್ಷಕರಿಗೆ ಬೇರೆ ಬೇರೆಯಾಗಿ ತೋರಿಸಿ. ಇಬ್ಬರ ಅಂಕ ತೀರಾ ದೂರ ಇದ್ದರೆ ತಪ್ಪು ಅಭ್ಯರ್ಥಿಯದಲ್ಲ, ಚೆಕ್‌ಲಿಸ್ಟಿನದು. ಪಾಠ ಮಾಡಿದ ಮೇಷ್ಟ್ರೇ ಪರೀಕ್ಷಕರಾಗದಂತೆ ನೋಡಿಕೊಳ್ಳಿ. ಆಗದಿದ್ದರೆ ಕನಿಷ್ಠ ಹೆಸರು ಮುಚ್ಚಿ, ಹಲಗೆಗೆ ನಂಬರ್ ಅಂಟಿಸಿ. ಮತ್ತೆ, ಇದೇ ಕೆಲಸವನ್ನು ಕೋರ್ಸಿನ ಮೊದಲ ವಾರವೂ ಮಾಡಿಸಿ. (ಕರೆಂಟ್ ಕೊಡದೆ, ಬರೀ ಜೋಡಣೆ ಸಾಕು.) ಕೆಲವರಿಗೆ ಆಗಲೇ ಅರ್ಧ ಕೆಲಸ ಬಂದಿರುತ್ತದೆ. ಅದನ್ನು ನಿಮ್ಮ ಖಾತೆಗೆ ಜಮಾ ಮಾಡಿಕೊಳ್ಳಬಾರದು.

ಹಂತ 6: ಹೋದವರನ್ನು ಹಿಂಬಾಲಿಸುವುದು

ಕಲಿತು ಹೋದವರನ್ನು ಹುಡುಕಿ ಕೇಳುವ ಸಮೀಕ್ಷೆಗೆ ಟ್ರೇಸರ್ ಸ್ಟಡಿ ಎನ್ನುತ್ತಾರೆ. ಮೂರು ತಿಂಗಳು, ಒಂದು ವರ್ಷ, ಸಾಧ್ಯವಾದರೆ ಎರಡು–ಮೂರು ವರ್ಷಕ್ಕೆ ಒಮ್ಮೊಮ್ಮೆ ಮಾಡಿ. ಫೋನ್ ಮಾಡುವವರು ಕೇಂದ್ರದ ಹೊರಗಿನವರಾದರೆ ಒಳ್ಳೆಯದು. ಮೇಷ್ಟ್ರ ಧ್ವನಿ ಕೇಳಿದ ಕೂಡಲೇ ಎಲ್ಲರಿಗೂ ಕೆಲಸ ಸಿಕ್ಕಿಬಿಡುತ್ತದೆ!

ಫೋನ್ ಎತ್ತದವರನ್ನು ಏನು ಮಾಡುವುದು? ಸಾಮಾನ್ಯವಾಗಿ ಅವರನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. 100ರಲ್ಲಿ 60 ಮಂದಿ ಸಿಕ್ಕರು, ಅವರಲ್ಲಿ 42 ಮಂದಿಗೆ ಕೆಲಸ ಇದೆ, ಆದ್ದರಿಂದ ಶೇ 70 ಎಂದು ಬರೆಯುತ್ತಾರೆ. ಸಿಗದ 40 ಮಂದಿಯೂ ಸಿಕ್ಕವರ ಹಾಗೆಯೇ ಇದ್ದಾರೆ ಎಂಬ ನಂಬಿಕೆ ಇದರೊಳಗೆ ಅಡಗಿದೆ. ಪ್ರಾಮಾಣಿಕ ದಾರಿ ಬೇರೆ. ಸಿಗದವರಲ್ಲಿ ಯಾರಿಗೂ ಕೆಲಸ ಇಲ್ಲ ಎಂದುಕೊಂಡರೆ ಶೇ 42. ಎಲ್ಲರಿಗೂ ಇದೆ ಎಂದುಕೊಂಡರೆ ಶೇ 82. ಸತ್ಯ ಈ 42 ಮತ್ತು 82ರ ನಡುವೆ ಎಲ್ಲೋ ಇದೆ. ಇಷ್ಟು ಅಗಲದ ಉತ್ತರ ಯಾರಿಗೂ ಉಪಯೋಗವಿಲ್ಲ ಅನ್ನಿಸಿದರೆ, ಫೋನ್ ಎತ್ತದವರಲ್ಲಿ 10 ಜನರನ್ನು ಚೀಟಿ ಎತ್ತಿ ಆರಿಸಿ, ಆ ಹತ್ತು ಜನರ ಮನೆಗೇ ಹೋಗಿ. 40 ಮಂದಿಗೆ ಐದೈದು ಸಲ ಫೋನ್ ಮಾಡುವುದಕ್ಕಿಂತ ಇದರಿಂದ ಜಾಸ್ತಿ ತಿಳಿಯುತ್ತದೆ.

ಬ್ಯಾಚುಗಳು ದೊಡ್ಡದಿದ್ದರೆ ಎಲ್ಲರನ್ನೂ ಕೇಳಬೇಕಿಲ್ಲ. ಚೀಟಿ ಎತ್ತಿ ಆರಿಸಿದ 100 ಜನರಿಂದ ಬಂದ ಶೇಕಡಾವಾರು ಉತ್ತರದಲ್ಲಿ ಹೆಚ್ಚುಕಮ್ಮಿ 10 ಶೇಕಡಾ ಅಂಶ ಆಚೀಚೆ ಇರಬಹುದು. 400 ಜನರನ್ನು ಕೇಳಿದರೆ ಅದು 5 ಅಂಶಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ಶ್ರಮ, ಅರ್ಧದಷ್ಟು ತಪ್ಪು.

ಹಂತ 7: ತರಬೇತಿ ಇಲ್ಲದಿದ್ದರೆ ಏನಾಗುತ್ತಿತ್ತು?

ಎಲ್ಲಕ್ಕಿಂತ ಕಷ್ಟದ್ದೂ, ಎಲ್ಲರೂ ತಪ್ಪಿಸಿಕೊಳ್ಳುವುದೂ ಈ ಹಂತವೇ. ತರಬೇತಿ ಪಡೆದವರನ್ನು ಪಡೆಯದವರ ಜತೆ ಹೋಲಿಸಬೇಕು. ಆದರೆ ಯಾರ ಜತೆ?

ಅದೇ ಬೀದಿಯ, ಅದೇ ವಯಸ್ಸಿನ, ಅಷ್ಟೇ ಓದಿದ ಬೇರೆ ಹುಡುಗರ ಜತೆ ಹೋಲಿಸಿದರೆ ಸಾಲದು. ಅರ್ಜಿ ಹಾಕಿ, ಸಾಲಿನಲ್ಲಿ ನಿಂತು, ಆರು ತಿಂಗಳು ಬರಲು ತಯಾರಾದವರಲ್ಲಿ ಮೊದಲೇ ಒಂದು ಹುರುಪು ಇರುತ್ತದೆ. ಫಾರಂನಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ. ಅರ್ಥಶಾಸ್ತ್ರಜ್ಞ ರಾಬರ್ಟ್ ಲಾಲೊಂಡ್ 1986ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಅಮೆರಿಕದ ಒಂದು ಕಾರ್ಯಕ್ರಮದಲ್ಲಿ ಚೀಟಿ ಎತ್ತಿದ ಹಾಗೆ ಜನರನ್ನು ಅವಕಾಶ ಸಿಕ್ಕವರು, ಸಿಗದವರು ಎಂದು ಎರಡು ಗುಂಪು ಮಾಡಿದ್ದರು, ಹಾಗಾಗಿ ಸರಿಯಾದ ಉತ್ತರ ಗೊತ್ತಿತ್ತು. ಲಾಲೊಂಡ್ ಆ ಎರಡನೇ ಗುಂಪನ್ನು ಬದಿಗಿಟ್ಟು, ಸಾಮಾನ್ಯ ಸಮೀಕ್ಷೆಗಳಿಂದ ಆರಿಸಿದ ಜನರ ಜತೆ ಹೋಲಿಸಿ, ಆ ಕಾಲದ ಲೆಕ್ಕದ ತಂತ್ರಗಳನ್ನೆಲ್ಲ ಹಚ್ಚಿ ನೋಡಿದರು. ಬಹಳಷ್ಟು ಸಲ ಉತ್ತರ ತಾಳೆಯಾಗಲಿಲ್ಲ.

ಸೀಟಿಗಿಂತ ಅರ್ಜಿ ಜಾಸ್ತಿ ಬರುತ್ತಿದ್ದರೆ ನಿಮಗೆ ಒಂದು ಸುಲಭ ದಾರಿ ಇದೆ. ಅರ್ಹರೆಲ್ಲರ ಹೆಸರು ಬರೆದು, ಎಲ್ಲರ ಎದುರಿಗೇ ಚೀಟಿ ಎತ್ತಿ. ಹೆಸರು ಬಂದವರಿಗೆ ಸೀಟು. ಬಾರದವರು ಹೋಲಿಕೆಯ ಗುಂಪು. ಇಬ್ಬರ ನಡುವೆ ಅದೃಷ್ಟ ಬಿಟ್ಟರೆ ಬೇರೆ ವ್ಯತ್ಯಾಸ ಇಲ್ಲ. ಇದು ಅನ್ಯಾಯ ಎಂದು ಕೆಲವರಿಗೆ ಅನ್ನಿಸುತ್ತದೆ. ಸೀಟು ಹೇಗೂ ಎಲ್ಲರಿಗೂ ಸಾಲುವುದಿಲ್ಲ. ಶಿಫಾರಸಿನ ಮೇಲೆ ಕೊಡುವುದಕ್ಕಿಂತ ಚೀಟಿಯೇ ನ್ಯಾಯ ಅಂತ ನನ್ನ ಅಭಿಪ್ರಾಯ. ಸೀಟು ಸಿಕ್ಕವರಲ್ಲಿ ಅರ್ಧಕ್ಕೆ ಬಿಟ್ಟವರನ್ನೂ ಅದೇ ಗುಂಪಿನಲ್ಲೇ ಇಟ್ಟು ಲೆಕ್ಕ ಹಾಕಿ. ಅವರನ್ನು ತೆಗೆದರೆ ಚೀಟಿ ಎತ್ತಿದ ಉದ್ದೇಶವೇ ಹಾಳಾಗುತ್ತದೆ.

ಚೀಟಿ ಆಗದ ಕಡೆ? ಪ್ರವೇಶ ಪರೀಕ್ಷೆಗೆ ಕಟ್-ಆಫ್ ಇದ್ದರೆ, ಗೆರೆಯ ಸ್ವಲ್ಪ ಮೇಲಿರುವವರನ್ನು ಸ್ವಲ್ಪ ಕೆಳಗಿರುವವರ ಜತೆ ಹೋಲಿಸಬಹುದು. 49 ಅಂಕಕ್ಕೂ 50 ಅಂಕಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಮುಂದಿನ ಬ್ಯಾಚಿಗೆ ಕಾಯುತ್ತಿರುವವರ ಪಟ್ಟಿಯೂ ಒಂದು ಮಟ್ಟಿಗೆ ನಡೆಯುತ್ತದೆ. ಎರಡೂ ಇಲ್ಲ ಎಂದರೆ, ಮೊದಲ ದಿನ ತೆಗೆದುಕೊಂಡ ಒಂದು ವರ್ಷದ ಆದಾಯದ ವಿವರ ನೋಡಿ, ಅದೇ ರೀತಿ ಏರಿಳಿತ ಇದ್ದವರನ್ನು ಹುಡುಕಿ ಹೋಲಿಸಿ. ಇದು ಮೇಲಿನವುಗಳಷ್ಟು ಗಟ್ಟಿ ಅಲ್ಲ ಎಂದು ವರದಿಯಲ್ಲಿ ಬರೆಯಿರಿ.

ಈಗ ಸ್ವಲ್ಪ ಕಹಿ ಮಾತು. ಟರ್ಕಿಯಲ್ಲಿ ನಿರುದ್ಯೋಗಿಗಳ ವೃತ್ತಿ ತರಬೇತಿಯನ್ನು ಹೀಗೆ ಚೀಟಿ ಪದ್ಧತಿಯಲ್ಲಿ ಅಳೆದು, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಉದ್ಯೋಗದ ಮೇಲೆ ಆದ ಪರಿಣಾಮ ಸರಾಸರಿ ಸೊನ್ನೆಗೆ ಹತ್ತಿರ. ಅಧಿಕಾರಿಗಳೂ, ಅರ್ಜಿ ಹಾಕಿದವರೂ ನಿರೀಕ್ಷಿಸಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಮೊದಲ ವರ್ಷ ಕೆಲಸದ ಗುಣಮಟ್ಟದಲ್ಲಿ ಕಂಡ ಲಾಭವೂ ಮೂರು ವರ್ಷದ ಹೊತ್ತಿಗೆ ಕರಗಿತ್ತು. ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ 2017ರಲ್ಲಿ ಅಭಿವೃದ್ಧಿಶೀಲ ದೇಶಗಳ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. 100 ಜನರಿಗೆ ತರಬೇತಿ ಕೊಟ್ಟರೆ, ಬೇರೆ ರೀತಿಯಲ್ಲಿ ಕೆಲಸ ಸಿಗದೇ ಇದ್ದು ತರಬೇತಿಯಿಂದಲೇ ಸಿಕ್ಕವರು ಮೂವರಿಗಿಂತ ಕಡಿಮೆ ಎಂಬುದು ಅವರ ಲೆಕ್ಕ. ಕರಪತ್ರದ 85 ನೆನಪಿಸಿಕೊಳ್ಳಿ.

ಎಲ್ಲ ಕಡೆಯೂ ಹೀಗೇ ಅಂತಲ್ಲ. ಉಗಾಂಡದಲ್ಲಿ ಯುವಜನರನ್ನು ಚೀಟಿ ಪದ್ಧತಿಯಲ್ಲೇ ಗುಂಪು ಮಾಡಿ, ಕೆಲವರಿಗೆ ಸಂಸ್ಥೆಯಲ್ಲಿ ವೃತ್ತಿ ತರಬೇತಿ, ಕೆಲವರಿಗೆ ಕಂಪನಿಯಲ್ಲೇ ಕೆಲಸ ಕಲಿಯುವ ಅವಕಾಶ ಕೊಟ್ಟರು. ಎರಡೂ ಫಲ ಕೊಟ್ಟವು. ಆದರೆ ಸಂಸ್ಥೆಯಲ್ಲಿ ಕಲಿತವರ ಲಾಭ ಹೆಚ್ಚು ಕಾಲ ಉಳಿಯಿತು. ಅವರ ಕೈಯಲ್ಲಿ ಸರ್ಟಿಫಿಕೇಟ್ ಇತ್ತು. ಒಂದು ಕೆಲಸ ಹೋದರೂ ಇನ್ನೊಬ್ಬ ಮಾಲೀಕರಿಗೆ ಅದನ್ನು ತೋರಿಸಿ ಬೇಗ ಮತ್ತೆ ಸೇರಿಕೊಳ್ಳಲು ಆಯಿತು. ಅಂದರೆ 'ತರಬೇತಿ ಫಲ ಕೊಡುತ್ತದೆಯೇ' ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ನಿಮ್ಮ ಕೋರ್ಸಿನ ಉತ್ತರವನ್ನು ನೀವೇ ಕಂಡುಕೊಳ್ಳಬೇಕು.

ಸಣ್ಣ ಕೇಂದ್ರದವರಿಗೆ ಒಂದು ಎಚ್ಚರಿಕೆ. ಎರಡೂ ಗುಂಪಿನಲ್ಲಿ 200–200 ಜನ ಇದ್ದರೂ, ಸುಮಾರು 14 ಅಂಶದಷ್ಟು ದೊಡ್ಡ ವ್ಯತ್ಯಾಸವನ್ನಷ್ಟೇ ಭರವಸೆಯಿಂದ ಹಿಡಿಯಬಹುದು. 3 ಅಂಶದ ವ್ಯತ್ಯಾಸ ಹಿಡಿಯಬೇಕಾದರೆ ಒಂದೊಂದು ಗುಂಪಿನಲ್ಲೂ 4,000ಕ್ಕಿಂತ ಜಾಸ್ತಿ ಜನ ಬೇಕು. ಹಾಗಾಗಿ 25 ಜನರ ಒಂದು ಬ್ಯಾಚ್ ಇಟ್ಟುಕೊಂಡು 'ನಮ್ಮ ತರಬೇತಿಯಿಂದ ಉದ್ಯೋಗ ಹೆಚ್ಚಿತು' ಎಂದೂ ಹೇಳಬೇಡಿ, 'ಏನೂ ಉಪಯೋಗವಿಲ್ಲ' ಎಂದೂ ಹೇಳಬೇಡಿ. ಹಂತ 5 ಮತ್ತು 6ನ್ನು ಚೆನ್ನಾಗಿ ಮಾಡಿ. ಹೋಲಿಕೆಯನ್ನು ಹಲವು ಕೇಂದ್ರಗಳು ಸೇರಿ ಒಂದೇ ಫಾರಂ ಬಳಸಿ ಮಾಡಿ.

ಹಂತ 8: ಮಾಲೀಕರನ್ನು ಕೇಳಿ, ಆದರೆ ಸರಿಯಾಗಿ

'ನಮ್ಮ ಹುಡುಗರು ಹೇಗಿದ್ದಾರೆ?' ಎಂದರೆ 'ಪರವಾಗಿಲ್ಲ' ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಮಾಡಿದ ಕೆಲಸದ ಬಗ್ಗೆ ಕೇಳಿ. ಒಬ್ಬರನ್ನೇ ಬಿಟ್ಟು ಕೆಲಸ ಮಾಡಿಸಲು ಎಷ್ಟು ವಾರ ಬೇಕಾಯಿತು? ಹೋದ ತಿಂಗಳು ಎಷ್ಟು ಕೆಲಸ ಮತ್ತೆ ಮಾಡಿಸಬೇಕಾಯಿತು? ಕಳೆದ ಸಲ ಜನ ಬೇಕಾದಾಗ ನಮ್ಮಲ್ಲಿಗೆ ಮತ್ತೆ ಬಂದಿರಾ? ಕೊನೆಯ ಪ್ರಶ್ನೆಯ ಉತ್ತರ ಎಲ್ಲ ಹೊಗಳಿಕೆಗಿಂತ ಮೇಲು. ಸಾಧ್ಯವಾದರೆ ಮಾಲೀಕರ ಬದಲು ಪಕ್ಕದಲ್ಲಿ ನಿಂತು ಕೆಲಸ ಮಾಡಿಸುವ ಮೇಸ್ತ್ರಿಯನ್ನೋ ಸೂಪರ್‌ವೈಸರನ್ನೋ ಕೇಳಿ.

ಹಂತ 9: ಖರ್ಚಿನ ಲೆಕ್ಕ

ಒಟ್ಟು ಖರ್ಚನ್ನು ತರಬೇತಿ ಪಡೆದವರ ಸಂಖ್ಯೆಯಿಂದ ಭಾಗಿಸುವುದು ಎಲ್ಲರಿಗೂ ಗೊತ್ತು. ಅದನ್ನು ಹೆಚ್ಚುವರಿ ಉದ್ಯೋಗಗಳಿಂದ ಭಾಗಿಸಿ ನೋಡಿ. ಒಬ್ಬರಿಗೆ ತಗಲಿದ್ದು ಒಂದು ತಿಂಗಳ ಸಂಬಳದಷ್ಟು ಎಂದಿಟ್ಟುಕೊಳ್ಳೋಣ. 100 ಜನರಿಗೆ 100 ತಿಂಗಳ ಸಂಬಳ. ಹೋಲಿಕೆಯ ಗುಂಪಿಗಿಂತ 5 ಮಂದಿಗೆ ಹೆಚ್ಚಾಗಿ ಕೆಲಸ ಸಿಕ್ಕಿದ್ದರೆ, ಒಂದೊಂದು ಹೆಚ್ಚುವರಿ ಕೆಲಸಕ್ಕೆ ತಗಲಿದ್ದು 20 ತಿಂಗಳ ಸಂಬಳ. ಆ ಕೆಲಸ ಎಷ್ಟು ಕಾಲ ಉಳಿಯುತ್ತದೆ ಎಂಬುದರ ಮೇಲೆ ಇದು ದುಬಾರಿಯೋ ಅಲ್ಲವೋ ಎಂದು ತೀರ್ಮಾನವಾಗುತ್ತದೆ. ಕಲಿಯುವವರು ಆ ತಿಂಗಳುಗಳಲ್ಲಿ ಬಿಟ್ಟುಕೊಟ್ಟ ದುಡಿಮೆಯನ್ನೂ ಖರ್ಚಿಗೆ ಸೇರಿಸಿ. ಅದು ನಿಮ್ಮ ಜೇಬಿನಿಂದ ಹೋಗದಿದ್ದರೂ ಅವರ ಜೇಬಿನಿಂದ ಹೋಗಿದೆ.

ಹಂತ 10: ಸಂಖ್ಯೆ ಎಲ್ಲಿ ಮೋಸ ಮಾಡುತ್ತದೆ

ಅಳತೆಗೆ ಹಣ ಕಟ್ಟಿದ ಕೂಡಲೇ ಜನ ಅಳತೆಗೆ ತಕ್ಕಂತೆ ನಡೆಯಲು ಶುರು ಮಾಡುತ್ತಾರೆ. ಅಮೆರಿಕದಲ್ಲಿ 1982ರ ಉದ್ಯೋಗ ತರಬೇತಿ ಕಾಯ್ದೆಯಡಿ ಕೇಂದ್ರಗಳಿಗೆ ಬಹುಮಾನದ ಹಣ ಸಿಗುತ್ತಿತ್ತು. ಕಾರ್ಯಕ್ರಮದಿಂದ ಹೊರಗೆ ಹೋಗುವ ದಿನ ಎಷ್ಟು ಜನರಿಗೆ ಕೆಲಸ ಇದೆ ಎಂಬುದರ ಮೇಲೆ ಅಂಕ. ಆದರೆ ಆ 'ಹೊರಗೆ ಹೋದ ದಿನ'ವನ್ನು ಪುಸ್ತಕದಲ್ಲಿ ಬರೆಯುವವರು ಕೇಂದ್ರದವರೇ. ಕೆಲಸ ಸಿಕ್ಕವರನ್ನು ಕೂಡಲೇ 'ಹೊರಗೆ ಹೋದರು' ಎಂದು ಬರೆದರು. ಸಿಗದವರನ್ನು ಪಾಠ ಮುಗಿದರೂ ಪುಸ್ತಕದಲ್ಲಿ ಉಳಿಸಿಕೊಂಡರು. ಅಲ್ಪಾವಧಿಯ ಆ ಅಂಕಗಳಿಗೂ ತರಬೇತಿಯ ನಿಜವಾದ ಪರಿಣಾಮಕ್ಕೂ ಹೆಚ್ಚು ಸಂಬಂಧ ಇರಲಿಲ್ಲ ಎಂದು ಆಮೇಲೆ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ತೋರಿಸಿದರು.

ಇದಕ್ಕೆ ಮದ್ದು: ದಿನಾಂಕವನ್ನು ಕ್ಯಾಲೆಂಡರಿಗೆ ಕಟ್ಟಿ. ಸೇರಿದ ದಿನದಿಂದ ಇಷ್ಟು ದಿನ, ಅಷ್ಟೇ. ಇನ್ನೊಂದು ಆಟ, ಹೇಗೂ ಕೆಲಸ ಸಿಗುವಂಥವರನ್ನೇ ಆರಿಸಿ ಸೇರಿಸಿಕೊಳ್ಳುವುದು. ಸೇರಿದವರ ಓದು, ಹಿಂದಿನ ಅನುಭವ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಿದ್ದರೆ ಪ್ಲೇಸ್‌ಮೆಂಟ್ ಏರಿದ್ದರಲ್ಲಿ ಮೇಷ್ಟ್ರ ಪಾಲು ಎಷ್ಟು ಎಂದು ಯೋಚಿಸಬೇಕು.

ಮೂರನೆಯದು ಯಾರ ತಪ್ಪೂ ಅಲ್ಲ. ಇರುವ ಕೆಲಸ ಹತ್ತೇ ಆದರೆ, ನಿಮ್ಮವರಿಗೆ ಸಿಕ್ಕದ್ದು ಬೇರೆಯವರಿಗೆ ತಪ್ಪಿದ್ದು. ಫ್ರಾನ್ಸಿನಲ್ಲಿ ಕೆಲಸ ಹುಡುಕಲು ನೆರವಾಗುವ ಒಂದು ಯೋಜನೆಯನ್ನು 235 ಸ್ಥಳೀಯ ಉದ್ಯೋಗ ಮಾರುಕಟ್ಟೆಗಳಲ್ಲಿ ಅಳೆದಾಗ ಹೀಗೇ ಕಂಡುಬಂತು. ನೆರವು ಪಡೆದವರು ಪಡೆದ ಲಾಭದಲ್ಲಿ ಒಂದು ಭಾಗ ನೆರವು ಪಡೆಯದವರ ನಷ್ಟವಾಗಿತ್ತು. ಅದು 2013ರಲ್ಲಿ ಪ್ರಕಟವಾದ ಅಧ್ಯಯನ. ಸಣ್ಣ ಕೇಂದ್ರ ಇದನ್ನು ಅಳೆಯಲಾಗದು. ನೂರಾರು ಕೇಂದ್ರ ನಡೆಸುವವರು ಮರೆಯಲೂ ಬಾರದು.

ಹಂತ 11: ಯಾವಾಗ ಅಳೆಯಬೇಕು

ಬೇಗ ಅಳೆದರೆ ತರಬೇತಿ ಸೋತಂತೆ ಕಾಣಬಹುದು. ಕಲಿಯುತ್ತಾ ಕೂತವರು ಆ ತಿಂಗಳುಗಳಲ್ಲಿ ಕೆಲಸ ಹುಡುಕಿರುವುದಿಲ್ಲ. ಕಾರ್ಡ್, ಕ್ಲೂವೆ, ವೆಬರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಂಥ ಉದ್ಯೋಗ ಕಾರ್ಯಕ್ರಮಗಳ ಸರಾಸರಿ ಪರಿಣಾಮ ಮೊದಮೊದಲು ಸೊನ್ನೆಯ ಹತ್ತಿರವೇ ಇತ್ತು, ಎರಡು–ಮೂರು ವರ್ಷದ ಬಳಿಕ ಹೆಚ್ಚಾಯಿತು. ಟರ್ಕಿಯಲ್ಲಿ ಆದದ್ದು ಉಲ್ಟಾ. ಇನ್ನೂ ಉದ್ದ ನೋಡಿದರೆ, 11 ದೇಶಗಳ ಮಾಹಿತಿ ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಹನುಶೆಕ್ ಮತ್ತು ಸಂಗಡಿಗರು 2017ರಲ್ಲಿ ಬರೆದದ್ದು ಹೀಗಿದೆ: ವೃತ್ತಿ ಶಿಕ್ಷಣ ಪಡೆದವರಿಗೆ ಚಿಕ್ಕ ವಯಸ್ಸಿನಲ್ಲಿ ಕೆಲಸ ಸುಲಭವಾಗಿ ಸಿಗುತ್ತದೆ, ವಯಸ್ಸಾದಂತೆ ಆ ಅನುಕೂಲ ಕರಗುತ್ತದೆ. ತಂತ್ರಜ್ಞಾನ ಬದಲಾದಾಗ ಹಳೆಯ ಕಸುಬು ಸಾಲದಾಗುತ್ತದೆ. ಒಂದೇ ಸಲ ಅಳೆದು ಷರಾ ಬರೆಯಬೇಡಿ.

ಹಂತ 12: ವರದಿ, ಮತ್ತೆ ಬಿಟ್ಟುಹೋದವರು

ವರದಿ ಒಂದು ಪುಟ ಇರಲಿ. ಸೇರಿದವರು, ಮುಗಿಸಿದವರು, ಕೈಕೆಲಸದ ಪರೀಕ್ಷೆ ಪಾಸಾದವರು, ಕೆಲಸಕ್ಕೆ ಹಾಜರಾದವರು, ಮೂರು ತಿಂಗಳ ಮೇಲೆ ಉಳಿದವರು, ಒಂದು ವರ್ಷದ ಮೇಲೆ ಉಳಿದವರು, ಫೋನಿಗೆ ಸಿಗದವರು. ಏಳು ಸಂಖ್ಯೆ, ಎಲ್ಲದರ ಕೆಳಗೂ ಅದೇ ಭಾಜಕ, ಅಂದರೆ ಸೇರಿದವರ ಸಂಖ್ಯೆ. ಪಕ್ಕದ ಕಾಲಂನಲ್ಲಿ ಹೋಲಿಕೆಯ ಗುಂಪಿನಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ ಎಂಬುದು. ಹೆಂಗಸರು, ಗಂಡಸರನ್ನು ಬೇರೆ ಬೇರೆ ತೋರಿಸಿ, ಸರಾಸರಿಯಲ್ಲಿ ಮುಚ್ಚಿಹೋಗುವುದು ಬಹಳ ಇರುತ್ತದೆ.

ಕೊನೆಗೆ ಉಳಿದದ್ದು ಅರ್ಧಕ್ಕೆ ಬಿಟ್ಟವರು. ಕೇಂದ್ರಗಳು ಇವರ ಫೈಲನ್ನು ಬೇಗ ಮುಚ್ಚುತ್ತವೆ. ನಾನು ಮಾತ್ರ ಮೊದಲು ಫೋನ್ ಮಾಡುವುದು ಇವರಿಗೇ. 'ಯಾಕೆ ಬಿಟ್ರಿ?' ಎಂದು ಕೇಳಬೇಡಿ, ಬೈದ ಹಾಗಾಗುತ್ತದೆ, 'ಮನೇಲಿ ತೊಂದರೆ' ಎಂದು ಮುಗಿಸಿಬಿಡುತ್ತಾರೆ. 'ಕೊನೆಯ ದಿನ ಬಂದಾಗ ಏನು ಪಾಠ ನಡೀತಿತ್ತು? ಮಾರನೇ ದಿನ ಬೆಳಗ್ಗೆ ಏನಾಯ್ತು?' ಎಂದು ಕೇಳಿ. ಒಬ್ಬರು ಬಸ್ಸಿನ ಸಮಯ ಹೇಳುತ್ತಾರೆ, ಇನ್ನೊಬ್ಬರು ಬೇರೆ ಕಡೆ ಕೆಲಸ ಸಿಕ್ಕಿತು ಎನ್ನುತ್ತಾರೆ. ಹಾಗೆ ಸಿಕ್ಕಿದ್ದರೆ ಅವರನ್ನು ಸೋಲಿನ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ಮತ್ತೆ ಹಂತ 3ಕ್ಕೆ ಹೋಗಿ ನೋಡಬೇಕಾಗುತ್ತದೆ. ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೂರು ವಾರ ಆದ್ರೂ ನನಗೆ ಯಂತ್ರ ಮುಟ್ಟೋಕೆ ಸಿಕ್ಕಿರಲಿಲ್ಲ ಸಾರ್' ಎನ್ನುತ್ತಾರೆ. ಅದನ್ನು ಹಾಗೇ, ಅವರ ಮಾತಿನಲ್ಲೇ ಬರೆದುಕೊಳ್ಳಿ.